ಮೀನಿನ ಹುಣ್ಣು ರೋಗ ನಮ್ಮ ದೇಶಕ್ಕ ಬಂದ ದಾರಿ

ಇವತ್ತು ನನ್ನ ತಪ್ಪಿನಿಂದ ಸುರು ಮಾಡ್ತೀನಿ.

ಹ್ವಾದ ವರ್ಷ ಮನಿ ಹುಡುಗರ ಸಲುವಾಗಿ ಪ್ಯಾಟಿಯಿಂದ ಹನ್ನೆರಡು ಗೋಲ್ಡ್ ಫಿಷ್ ತಂದು ನೇರ ಕೃಷಿ ಹೊಂಡಕ್ಕ ಬಿಟ್ಟೆ. ಅದರಾಗ ಕಾಟ್ಲಾ, ರೋಹು ಮೊದಲೇ ಇದ್ವು. ಒಂದೆರಡು ತಿಂಗಳಿಗೆ ಮೀನು ದಂಡಿ ಕಲ್ಲಿಗೆ ಮೈ ತಿಕ್ಕಲಿಕ್ಕೆ ಹತ್ತಿದವು. ಹಿಡಿದು ನೋಡಿದರ ಮೈಗೆ ಚಪ್ಪಟೆ ಹುಳ ಅಂಟಿದ್ದವು. ಅದೇ ಮೀನು ಹೇನು. ಚುಚ್ಚಿ ರಕ್ತ ಹೀರ್ತದ, ಚುಚ್ಚಿದ ಗಾಯ ಹುಣ್ಣಾಗ್ತದ. ಥಂಡಿಯೊಳಗ ಅರ್ಧ ಮೀನು ಸತ್ತವು.

ತಿಳಿದವರು ನೋಡಿ, "ಇದು ಹೇನಿನ ಗಾಯ, ಆ ದೊಡ್ಡ ಹುಣ್ಣು ರೋಗ ಅಲ್ಲ" ಅಂದ್ರು. ಆ ದೊಡ್ಡ ರೋಗ ಯಾವುದು ಅಂತ ಹುಡುಕಿ ಓದಿದೆ.

ಅದು ಮೊದಲು ಕಂಡದ್ದು 1971ರಾಗ ಜಪಾನಿನಲ್ಲಿ. ಮರುವರ್ಷ ಆಸ್ಟ್ರೇಲಿಯಾದಾಗ. ಆಮ್ಯಾಲ ಆಗ್ನೇಯ ಏಷ್ಯಾದ ನದಿ, ಭತ್ತದ ಗದ್ದೆಗಳಿಗೆ ಹಬ್ಬಿತು. 1988ರಾಗ ಬಾಂಗ್ಲಾದೇಶ, ಅದೇ ವರ್ಷ ನಮ್ಮ ಅಸ್ಸಾಂ, ತ್ರಿಪುರಾ. 1991ಕ್ಕ ಕೇರಳ ಮುಟ್ಟಿತು. ಹುಣ್ಣು ನೋಡಿ ಜನ ಮೀನು ತಿನ್ನೋದೇ ಬಿಟ್ಟರು, ಬಲಿ ಬೀಸೋ ಬಡವರ ಹೊಟ್ಟಿಗೆ ಕಲ್ಲು ಬಿತ್ತು. ಕಾರಣ ವೈರಸ್ಸೋ ಬ್ಯಾಕ್ಟೀರಿಯಾನೋ ಅಂತ ಬಹಳ ವರ್ಷ ಗೊಂದಲ ಇತ್ತು. 1990ರ ದಶಕದಾಗ ಅಫನೋಮೈಸಿಸ್ ಇನ್ವಡಾನ್ಸ್ ಅನ್ನೋ, ಬೂಷ್ಟಿನಂಥ ಜೀವಿಯೇ ಮೂಲ ಅಂತ ಗಟ್ಟಿಯಾತು. ನೀರು ತಣ್ಣಗಾದಾಗ ಅದರ ಬಾಧೆ ಹೆಚ್ಚು. ಕೊರವ ಮೀನಿಗೆ ಜಾಸ್ತಿ ಬಡಿತದ, ತಿಲಾಪಿಯಾ ತಡಕೋತದ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆಯವರು ಇದಕ್ಕಂತನೇ ಸಿಫ್ಯಾಕ್ಸ್ ಔಷಧ ತಯಾರು ಮಾಡಿದರು.

ನನ್ನ ಎದಿಗೆ ನಾಟಿದ ಮಾತು ಬ್ಯಾರೆ ಅದ. ಸಿಂಗಾಪುರದಿಂದ ಜಪಾನಿಗೆ ಮಾರಾಟಕ್ಕ ಹ್ವಾದ ಬಣ್ಣದ ಗೌರಾಮಿ ಮೀನಿನಾಗೂ ಇದೇ ರೋಗ ಸಿಕ್ಕಿತ್ತು. ಅಂದರ ನೀರಿನ ಸಂಗಡ ಅಷ್ಟೇ ಅಲ್ಲ, ಮನುಷ್ಯರ ಕೈಯಾಗಿನ ಮೀನಿನ ಸಂಗಡನೂ ರೋಗ ಸಮುದ್ರ ದಾಟ್ತದ. ನಾನು ಪ್ಯಾಟಿಯಿಂದ ಹೇನು ತಂದದ್ದೂ ಹಿಂಗೇ.

ಸುರಪುರ, ಶಹಾಪುರ ಕಡಿ ಕಾಲುವೆ ನೀರು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕ ಹೋಗ್ತದ. ಬಾಜೂ ಹೊಲದ ತಮ್ಮಗ ಮರಿ ಕೊಡ್ತೀನಂತ ಮಾತು ಕೊಟ್ಟಿದ್ದೆ, ಕೊಡಲಿಲ್ಲ. ನೀರೂ ಹೊರಗ ಬಿಡಲಿಲ್ಲ. ಬ್ಯಾಸಿಗ್ಯಾಗ ಹೊಂಡ ಒಣಗಿಸಿ, ಸುಣ್ಣ ಹಾಕಿ, ಹೇನು ತತ್ತಿ ಇಟ್ಟಿದ್ದ ಕಲ್ಲು ತಿಕ್ಕಿ ತೊಳೆದೆ. ನೀವು ಹೊಸ ಮೀನು ತಂದರ ಎರಡು ಮೂರು ವಾರ ಬ್ಯಾರೆ ತೊಟ್ಟಿಯಾಗ ಇಟ್ಟು ನೋಡ್ರಿ. ನಾನು ನೋಡಲಿಲ್ಲ.