ಗುಜರಿ ಕಬ್ಬಿಣದ ಚರಿತ್ರೆ

ಒಡೆದ ಯಂತ್ರಪೀಠ, ಸೀಳಿದ ನೀರಿನ ಕೊಳವೆ ಮೊದಲಾದ ಎರಕದ ಕಬ್ಬಿಣವನ್ನು ಗುಜರಿಯೆಂದು ಕಡೆಗಣಿಸುವ ನಾವು ಅದರ ಚರಿತ್ರೆಯನ್ನು ವಿಚಾರಿಸುವುದು ಅಪೂರ್ವ. ಎರಕದವರಾದರೋ ಅದರ ಬೆಲೆಯನ್ನು ಬಲ್ಲರು. 1794ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಪೇಟೆಂಟು ಪಡೆದ ಕ್ಯುಪೋಲಾ ಕುಲುಮೆಯ ಜಾತಿಯಲ್ಲಿ ಇಂಥ ಚೂರುಗಳು ಕೋಕಿನ ಬೆಂಕಿಗೆ ಕರಗಿ ಮರಳಿ ಅಚ್ಚಿಗೆ ಇಳಿಯುತ್ತವೆ.

ಉಕ್ಕಿನವರಿಗೆ ಈ ಸೌಲಭ್ಯ ಬಹುಕಾಲ ದೊರೆಯಲಿಲ್ಲ. 1856ರಲ್ಲಿ ಬೆಸೆಮರ್ ಪ್ರಕಟಿಸಿದ ವಿಧಾನದಲ್ಲಿ ಹೊರಗಿನ ಬೆಂಕಿಯೇ ಇಲ್ಲ. ದ್ರವಲೋಹದೊಳಗೆ ಗಾಳಿಯೂದಿದಾಗ ಹುಟ್ಟುವ ಶಾಖವೊಂದೇ ಆಧಾರ. ತಣ್ಣನೆಯ ಗುಜರಿಯನ್ನು ಮಿತಿಮೀರಿ ಹಾಕಿದರೆ ಪಾಕವೇ ಹೆಪ್ಪುಗಟ್ಟೀತು. ಈ ತೊಡಕನ್ನು ಬಿಡಿಸಿದವರು ಫ್ರಾನ್ಸಿನ ಪಿಯೇರ್ ಮಾರ್ಟಿನ್. 1865ರಲ್ಲಿ ಅವರು ಸೀಮೆನ್ಸ್ ಕುಲುಮೆಯ ತೀವ್ರ ಶಾಖದಲ್ಲಿ ಬೀಡುಕಬ್ಬಿಣವನ್ನೂ ಗುಜರಿಯನ್ನೂ ಕೂಡಿಸಿ ಉಕ್ಕನ್ನು ಪಡೆದರು. ಎರಕದ ಗುಜರಿಯಲ್ಲಿ ನೂರಕ್ಕೆ ಸುಮಾರು 3 ಪಾಲು ಇಂಗಾಲವಿರುವುದರಿಂದ ಅದು ಬೀಡಿನ ಸ್ಥಾನವನ್ನೂ ಕೊಂಚ ತುಂಬಬಲ್ಲದು. ರಂಜಕ ಹೆಚ್ಚಿದರೆ ಮಾತ್ರ ಉಕ್ಕು ಪೆಡಸಾಗುವುದು. ಆದಕಾರಣ ಗುಜರಿಯನ್ನು ಆಯುವವನ ಕಣ್ಣು ರಸಾಯನಶಾಸ್ತ್ರಜ್ಞನ ತಕ್ಕಡಿಗೆ ಕಡಮೆಯದೆಂದು ನಾವು ತಿಳಿಯಲಾಗದು.

ಇಂಥ ತುಕ್ಕಿನ ರಾಶಿಯೇ ಕಡೆಗೆ ರಾಜ್ಯಗಳ ವ್ಯವಹಾರವಾಯಿತು. ಜಪಾನಿನ ಉಕ್ಕಿನ ಕುಲುಮೆಗಳು ಅಮೆರಿಕದ ಗುಜರಿಯನ್ನು ಬಹುವಾಗಿ ನಂಬಿದ್ದವು. 1940ರ ಸೆಪ್ಟೆಂಬರಿನಲ್ಲಿ ರೂಸ್ವೆಲ್ಟರು ಆ ರಫ್ತನ್ನು ನಿಷೇಧಿಸಿದರು; ಅಕ್ಟೋಬರ್ 16ರಿಂದ ಆಜ್ಞೆ ಜಾರಿಗೆ ಬಂದಿತು. ಮರುವರ್ಷ ಡಿಸೆಂಬರಿನಲ್ಲಿ ಆ ಎರಡು ದೇಶಗಳೂ ಯುದ್ಧದಲ್ಲಿದ್ದವು.