ಕಾರ್ಖಾನೆ ಮುಚ್ಚಿತು, ಕಾರು ನಿಲ್ಲಲಿಲ್ಲ

ನಮ್ಮ ರಸ್ತೆಗಳಲ್ಲಿ ಹೆಕ್ಟರ್ ಕಾರು ಓಡಾಡುತ್ತೆ, ನೋಡಿರ್ತೀರಿ. ಮುಂಭಾಗದಲ್ಲಿ ಎಂಟು ಮೂಲೆಯ ಚೌಕಟ್ಟು, ಅದರೊಳಗೆ ಎಂ, ಜಿ ಅನ್ನೋ ಎರಡಕ್ಷರ. 2019ರಲ್ಲಿ ಗುಜರಾತಿನ ಹಾಲೋಲ್ ಕಾರ್ಖಾನೆಯಿಂದ ಅದು ಹೊರಬಂದಾಗ ಬಹಳ ಜನ ಇದು ಚೀನಾ ಕಂಪನಿ ಅಂದರು. ಆಗ ಒಡೆತನ ಚೀನಾದ್ದೇ ಆಗಿತ್ತು, ಸುಳ್ಳಲ್ಲ. ಆದರೆ ಆ ಎರಡಕ್ಷರ ಇಂಗ್ಲೆಂಡಿನದು. ಎಂಜಿ ಅಂದರೆ ಮೋರಿಸ್ ಗ್ಯಾರೇಜಸ್, ಆಕ್ಸ್‌ಫರ್ಡ್ ಊರಿನಲ್ಲಿ ಕಾರು ಮಾರುತ್ತಿದ್ದ, ರಿಪೇರಿ ಮಾಡುತ್ತಿದ್ದ ಒಂದು ಅಂಗಡಿ. ಆ ಅಂಗಡಿಯ ಹೆಸರು ಹೊತ್ತ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರುಗಳನ್ನು ಜನ ಇವತ್ತಿಗೂ ಟಾಪ್ ಇಳಿಸಿಕೊಂಡು ಓಡಿಸ್ತಾರೆ. ಅವುಗಳನ್ನು ಮಾಡಿದ ಕಾರ್ಖಾನೆಗೆ ಬೀಗ ಬಿದ್ದು 40 ವರ್ಷದ ಮೇಲಾಯ್ತು. ಹಾಗಿದ್ದರೆ ಕಾರನ್ನು ಉಳಿಸಿದವರು ಯಾರು?

ಅಂಗಡಿಯ ಮಾಲೀಕ ವಿಲಿಯಂ ಮೋರಿಸ್. 1922ರಲ್ಲಿ ಅಲ್ಲಿ ಮ್ಯಾನೇಜರ್ ಆದವನು ಸೆಸಿಲ್ ಕಿಂಬರ್. ಇವನ ತಲೆ ಬಹಳ ಸರಳವಾಗಿ ಓಡುತ್ತಿತ್ತು. ಸ್ಪೋರ್ಟ್ಸ್ ಕಾರಿಗೆ ಅಂತ ಎಲ್ಲವನ್ನೂ ಹೊಸದಾಗಿ ಯಾಕೆ ಮಾಡಬೇಕು? ಮೋರಿಸ್ ಮಾಡುವ ಸಾಮಾನ್ಯ ಕಾರಿನ ಬಿಡಿಭಾಗಗಳನ್ನೇ ತಗೊಂಡು, ಹಗುರಾದ ಬಾಡಿ ಕೂರಿಸಿದರೆ ಸಾಲದೇ? ಹಾಗೆ ಹುಟ್ಟಿದ್ದು ಎಂಜಿ ಮಿಡ್ಜೆಟ್. ಬೆಲೆ 175 ಪೌಂಡ್. ಅಲ್ಲಿವರೆಗೆ ಶ್ರೀಮಂತರ ಆಟಿಕೆಯಾಗಿದ್ದ ಸ್ಪೋರ್ಟ್ಸ್ ಕಾರು ಸಂಬಳದಾರನ ಕೈಗೂ ಸಿಕ್ಕಿತು. 1929ರಲ್ಲಿ ಅಬಿಂಗ್ಡನ್ ಅನ್ನೋ ಸಣ್ಣ ಊರಿಗೆ ಕಾರ್ಖಾನೆ ಹೋಯಿತು.

ಕಿಂಬರ್‌ಗೆ ಸಿಕ್ಕ ಬಹುಮಾನ ಏನು ಗೊತ್ತಾ? 1941ರಲ್ಲಿ, ಯುದ್ಧದ ನಡುವೆ, ಕಾರ್ಖಾನೆಗೆ ಕೆಲಸ ಇರಲಿ ಅಂತ ಮೇಲಿನವರನ್ನು ಕೇಳದೆ ವಿಮಾನದ ಗುತ್ತಿಗೆ ಹಿಡಿದ. ಅದಕ್ಕೇ ಮನೆಗೆ ಕಳಿಸಿದರು. 1945ರ ಫೆಬ್ರವರಿ 4, ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟ ರೈಲು ಏರು ಹತ್ತಲಾಗದೆ ಹಿಂದಕ್ಕೆ ಜಾರಿತು. ಸತ್ತವರು ಇಬ್ಬರೇ. ಅವರಲ್ಲೊಬ್ಬ ಕಿಂಬರ್.

ಅದೇ ವರ್ಷ ಯುದ್ಧ ಮುಗಿದು ಎಂಜಿ ಟಿಸಿ ಬಂತು. 1250 ಸಿಸಿ ಎಂಜಿನ್, ತೆಳ್ಳನೆಯ ಕಡ್ಡಿ ಚಕ್ರ, ಸ್ಟೀರಿಂಗ್ ಬಲಗಡೆ ಮಾತ್ರ. ಬ್ರಿಟನ್ನಿನಲ್ಲಿದ್ದ ಅಮೆರಿಕನ್ ಸೈನಿಕರು ಎಂಜಿ ರುಚಿ ಹತ್ತಿಸಿಕೊಂಡು ವಾಪಸ್ ಹೋಗಿದ್ದರು. ಬಲಗಡೆ ಸ್ಟೀರಿಂಗ್ ಆದರೂ ಚಿಂತೆ ಇಲ್ಲ ಅಂತ ತರಿಸಿಕೊಂಡರು. ಅಲ್ಲಿಗೆ ಹೋಗಿದ್ದು ಸುಮಾರು 2 ಸಾವಿರ ಕಾರು ಅಷ್ಟೇ. ಆದರೆ ಅಮೆರಿಕಕ್ಕೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಸಿದ್ದು ಆ 2 ಸಾವಿರ.

ಈಗ ನಮಗೆ ಬೇಕಾದ ವಿಷಯಕ್ಕೆ ಬರ್ತೀನಿ. 1955ರಲ್ಲಿ ಎಂಜಿಎ ಬಂತು. ನೋಡೋಕೆ ನುಣುಪಾದ ಬೆಣಚುಕಲ್ಲಿನ ಹಾಗೆ. ಬಾನೆಟ್ ಎತ್ತಿದರೆ ಒಳಗಿರೋದು ಬಿ ಸೀರೀಸ್ ಎಂಜಿನ್, 1489 ಸಿಸಿ. ಈ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಅಂಬಾಸಿಡರ್! ಮಂತ್ರಿಗಳ ಬಿಳಿ ಕಾರು, ರೈಲ್ವೆ ಸ್ಟೇಷನ್ ಎದುರಿನ ಟ್ಯಾಕ್ಸಿ, ಮದುವೆ ದಿಬ್ಬಣದ ಗಾಡಿ. ಅದರೊಳಗೆ ದಶಕಗಳ ಕಾಲ ಗುಡುಗುಡು ಅಂದಿದ್ದು ಇದೇ ಬಿ ಸೀರೀಸ್ 1489. ಅಂಬಾಸಿಡರ್‌ಗೆ ಒಂದು ಕಾರ್ಬುರೇಟರ್, ಎಂಜಿಎಗೆ ಎರಡು. ಟ್ಯೂನಿಂಗ್ ಬೇರೆ, ಭಾರ ಬೇರೆ, ವಂಶ ಒಂದೇ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗೋದು ಇದೇ. ನಮ್ಮ ಊರಿನ ಮೆಕ್ಯಾನಿಕ್ ಸ್ಪ್ಯಾನರ್, ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಜೋಡಿಸಬಲ್ಲ ಎಂಜಿನ್ನೇ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಹೀರೋ ಆಗಿತ್ತು.

1962ರಲ್ಲಿ ಬಂದ ಎಂಜಿಬಿಗೆ ಅದೇ ಎಂಜಿನ್ನನ್ನು 1798 ಸಿಸಿಗೆ ಹಿಗ್ಗಿಸಿದರು. 18 ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು, ಹೆಚ್ಚಿನವು ಅಮೆರಿಕಕ್ಕೆ ಹಡಗು ಹತ್ತಿದವು. ಆಮೇಲೆ ಅಮೆರಿಕದ ಹೊಸ ಬಂಪರ್ ಕಾನೂನಿಗೆ ಹೊಂದಿಸೋಕೆ ಮೂತಿಗೆ ಕಪ್ಪು ರಬ್ಬರ್ ಬಂಪರ್ ಹಾಕಿ, ಕಾರನ್ನೇ ಮೇಲಕ್ಕೆತ್ತಿದರು. ತಿರುವಿನಲ್ಲಿ ವಾಲಾಡೋಕೆ ಶುರುವಾಯ್ತು. ಹಳೇ ಕ್ರೋಮ್ ಬಂಪರ್ ಕಾರಿಗೆ ಇವತ್ತೂ ಹೆಚ್ಚು ಬೆಲೆ, ರಬ್ಬರ್ ಬಂಪರಿಗೆ ಕಡಿಮೆ.

1979ರ ಸೆಪ್ಟೆಂಬರ್. ಅಬಿಂಗ್ಡನ್ ಕಾರ್ಖಾನೆಗೆ 50 ತುಂಬಿತು ಅಂತ ಊರೆಲ್ಲ ಹಬ್ಬ ಮಾಡಿತು. ಆ ಸಂಭ್ರಮ ಆರುವ ಮುಂಚೆಯೇ, ಸೋಮವಾರ 10ನೇ ತಾರೀಕು, ಮಾಲೀಕ ಸಂಸ್ಥೆ ಬ್ರಿಟಿಷ್ ಲೇಲ್ಯಾಂಡ್ ಘೋಷಣೆ ಮಾಡಿತು: ಇಲ್ಲಿ ಇನ್ನು ಎಂಜಿ ತಯಾರಾಗಲ್ಲ. ಪೌಂಡ್ ಬೆಲೆ ಏರಿದೆ, ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿಗೂ ನಷ್ಟ ಅನ್ನೋದು ಕಾರಣ. ಲೆಕ್ಕ ತಪ್ಪಿರಲಿಕ್ಕಿಲ್ಲ. ಆದರೆ ಹೊಸ ಮಾಡೆಲ್‌ಗೆ ದುಡ್ಡು ಹಾಕದೆ 1962ರ ಕಾರನ್ನೇ 1979ರಲ್ಲೂ ಮಾರಿದವರು ಯಾರು? ಆಸ್ಟನ್ ಮಾರ್ಟಿನ್ ಮುಂದಾಳತ್ವದ ಗುಂಪೊಂದು ಕೊಳ್ಳೋಕೆ ಬಂತು, ಹಣ ಹೊಂದಲಿಲ್ಲ. 1980ರ ಅಕ್ಟೋಬರಿನಲ್ಲಿ ಬೀಗ ಬಿತ್ತು.

ಹೀಗೆ ತಯಾರಿ ನಿಂತ ಕಾರು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷದಲ್ಲಿ ಗುಜರಿ ಸೇರುತ್ತೆ. ಅದರಲ್ಲೂ ಎಂಜಿಬಿಗೆ ಒಂದು ರೋಗ ಇತ್ತು, ತುಕ್ಕು. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗದಲ್ಲಿ ನೀರು ನಿಂತು ಒಳಗಿಂದಲೇ ಕೊರೆಯುತ್ತೆ. ಬಣ್ಣ ಹೊಳೀತಾ ಇರುತ್ತೆ, ಕಾರು ಮಾತ್ರ ನಡುವೆ ಕುಸಿದು ಬಾಗಿಲು ಹಾಕೋಕೆ ಬರಲ್ಲ.

ಆದರೆ ಮಾಲೀಕರು ಬಿಡಲಿಲ್ಲ. 1930ರಲ್ಲೇ ಹುಟ್ಟಿದ ಎಂಜಿ ಕಾರ್ ಕ್ಲಬ್ ಇತ್ತು, 1973ರ ಓನರ್ಸ್ ಕ್ಲಬ್ ಇತ್ತು. ಸದಸ್ಯರಲ್ಲಿ ದೊಡ್ಡ ಸಾಹುಕಾರರಿಗಿಂತ ಶನಿವಾರ ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗುವವರೇ ಹೆಚ್ಚು. ಬಿಡಿಭಾಗಕ್ಕೆ ಬೇಡಿಕೆ ನಿಲ್ಲಲಿಲ್ಲ, ಹಾಗಾಗಿ ಮಾಡುವವರೂ ನಿಲ್ಲಲಿಲ್ಲ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಹುಡುಕಿ ತೆಗೆದು ಎಂಜಿಬಿಯ ಪೂರ್ತಿ ಬಾಡಿಯನ್ನು ಹೊಸದಾಗಿ ಒತ್ತಿ ಮಾರೋಕೆ ಶುರು ಮಾಡಿತು. ತುಕ್ಕು ತಿಂದ ಕಾರಿನಿಂದ ಎಂಜಿನ್, ಚಕ್ರ, ಸೀಟು ಬಿಚ್ಚಿ ಹೊಸ ಬಾಡಿಗೆ ಜೋಡಿಸು. ಮುಗೀತು!

ಮರುವರ್ಷವೇ ಜಪಾನಿನ ಮಾಜ್ದಾ, ಹಳೇ ಬ್ರಿಟಿಷ್ ಕಾರುಗಳ ಧಾಟಿಯಲ್ಲೇ ಎಂಎಕ್ಸ್-5 ತಂದಿತು. ಇಂಥ ಕಾರಿಗೆ ಗಿರಾಕಿ ಇಲ್ಲ ಅಂದವರ ಎದುರಿಗೇ ಅದು ಮುಂದೆ 10 ಲಕ್ಷ ದಾಟಿತು. ಆಗ ಎಚ್ಚೆತ್ತ ಎಂಜಿಯ ಮಾಲೀಕರು ಅದೇ ಹೆರಿಟೇಜ್ ಬಾಡಿಯನ್ನು ಆಧಾರವಾಗಿಟ್ಟುಕೊಂಡು, ವಿ8 ಎಂಜಿನ್ ಕೂರಿಸಿ, 1992ರಲ್ಲಿ ಎಂಜಿ ಆರ್‌ವಿ8 ತಂದರು. ತಯಾರಾದದ್ದು ಸುಮಾರು 2 ಸಾವಿರ, ಬಹುಪಾಲು ಹೋಗಿದ್ದು ಜಪಾನಿಗೇ!

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ಓಡಿಸೋಕೆ ತಡೆ ಇಲ್ಲ. ನಮ್ಮಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ ವಾಹನ ವಿಂಟೇಜ್ ಅಂತ ನೋಂದಣಿ ಆಗುತ್ತೆ, ನಂಬರ್ ಪ್ಲೇಟಿನಲ್ಲಿ ವಿ, ಎ ಅಕ್ಷರ ಬರುತ್ತೆ. ಆದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕಾರಣ ಇದ್ದರೆ ಮಾತ್ರ ರಸ್ತೆಗೆ, ದಿನನಿತ್ಯದ ಓಡಾಟಕ್ಕಲ್ಲ. ಇದು ನನಗೆ ಒಪ್ಪಿಗೆಯಾಗಲ್ಲ. ನಿಲ್ಲಿಸಿಟ್ಟ ಕಾರಿನಲ್ಲಿ ಬ್ರೇಕ್ ಸಿಲಿಂಡರ್ ಕಚ್ಚಿಕೊಳ್ಳುತ್ತೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತೆ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತೆ. ಭಾನುವಾರ ಬೆಳಗ್ಗೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಬರೋದನ್ನು ದಿನನಿತ್ಯದ ಓಡಾಟ ಅಂತೀರೋ, ಕಾರಿನ ಆರೈಕೆ ಅಂತೀರೋ? ಸಾರಿಗೆ ಸಚಿವಾಲಯ ಇದನ್ನಾದರೂ ಬಿಡಿಸಿ ಹೇಳಲಿ.