ಚತುರಕ್ಷರಿ ನಾಮದ ಚರಿತ್ರೆ ಮತ್ತು ನಮ್ಮ ವಿಶ್ವಾಸನಿವೇದನೆ

2008ರ ಜೂನ್ 29ರಂದು ದೈವಾರಾಧನೆಗೆ ಸಂಬಂಧಿಸಿದ ರೋಮಿನ ಆಯೋಗವು ಎಲ್ಲ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಒಂದು ಪತ್ರವನ್ನು ಬರೆಯಿತು. ‘ಯೋದ್, ಹೇ, ವಾವ್, ಹೇ’ ಎಂಬ ನಾಲ್ಕು ಹೀಬ್ರೂ ವ್ಯಂಜನಗಳಿಂದಾದ ದೇವರ ನಾಮವನ್ನು ಬಲಿಪೂಜೆಯಲ್ಲಾಗಲಿ ಗೀತೆಗಳಲ್ಲಾಗಲಿ ಉಚ್ಚರಿಸಬಾರದು ಎಂಬುದು ಅದರ ಆದೇಶ. ಭಕ್ತಿಯಿಂದ ಹಾಡುತ್ತಿದ್ದ ‘ಯಾಹ್ವೆ’ ಎಂಬ ಪದವನ್ನು ಏಕೆ ಕೈಬಿಡಬೇಕು ಎಂದು ಅನೇಕರು ಕೇಳಿದರು, ಇಂದಿಗೂ ಕೇಳುತ್ತಾರೆ. ಆದೇಶವನ್ನು ತೋರಿಸಿದರೆ ವಿಧೇಯತೆ ದೊರೆಯಬಹುದು, ತಿಳಿವು ದೊರೆಯದು. ತಿಳಿವಿಗಾಗಿ ನಾವು ಆ ನಾಮದ ಚರಿತ್ರೆಯನ್ನೇ ಅವಲೋಕಿಸಬೇಕು.

ವಿಮೋಚನಾಕಾಂಡದ ಮೂರನೆಯ ಅಧ್ಯಾಯವು ಈ ನಾಮವನ್ನು ‘ಇರು’ ಎಂಬರ್ಥದ ಹೀಬ್ರೂ ಧಾತುವಿನೊಡನೆ ಜೋಡಿಸುತ್ತದೆ. ಇದು ಕೇವಲ ಅಸ್ತಿತ್ವದ ಮಾತಲ್ಲ. ದಾಸ್ಯದಲ್ಲಿದ್ದ ಜನರೊಡನೆ ‘ಇರುವೆನು’ ಎಂಬ ಆಶ್ವಾಸನೆ. ಕ್ರಿ.ಪೂ. 14ನೆಯ ಶತಮಾನದಲ್ಲಿ ಈಜಿಪ್ಟಿನ ಅರಸ ಮೂರನೆಯ ಅಮೆನ್‌ಹೋತೆಪನು ನೂಬಿಯಾದ ಸೋಲೆಬ್‌ನಲ್ಲಿ ಕಟ್ಟಿಸಿದ ದೇಗುಲದ ಶಾಸನವೊಂದು ‘ಶಾಸು’ ಎಂಬ ಅಲೆಮಾರಿಗಳ ನಾಡುಗಳನ್ನು ಹೆಸರಿಸುವಾಗ ಇದನ್ನೇ ಹೋಲುವ ಪದವನ್ನು ಬಳಸುತ್ತದೆ. ಅಲ್ಲಿ ಅದು ಸ್ಥಳನಾಮ. ಆದರೂ ದೇವರು ಸೇಯೀರಿನ ಕಡೆಯಿಂದ ಬಂದನೆಂದು ಹಾಡುವ ಬೈಬಲಿನ ಪ್ರಾಚೀನ ಗೀತೆಗಳೊಡನೆ ಇದನ್ನಿಟ್ಟು ನೋಡುವ ವಿದ್ವಾಂಸರು, ಈ ನಾಮದ ಮೂಲವನ್ನು ಕಾನಾನಿಗೆ ದಕ್ಷಿಣದ ಮರುಭೂಮಿಯಲ್ಲಿ ಅರಸುತ್ತಾರೆ.

ಬೈಬಲಿನ ಹೊರಗೆ ಈ ನಾಮಕ್ಕೆ ಅತ್ಯಂತ ಹಳೆಯ ಸ್ಪಷ್ಟ ಸಾಕ್ಷಿಯನ್ನು ನುಡಿದವನು ಇಸ್ರಯೇಲಿನ ಶತ್ರು. ಕ್ರಿ.ಪೂ. 840ರ ಸುಮಾರಿನ ತನ್ನ ಶಿಲಾಶಾಸನದಲ್ಲಿ ಮೋವಾಬಿನ ಅರಸ ಮೇಷನು ಆ ದೇವರ ಪಾತ್ರೆಗಳನ್ನು ಸೂರೆಮಾಡಿ ತನ್ನ ದೇವತೆ ಕೆಮೋಷನ ಮುಂದೆ ಎಳೆದುತಂದೆನೆಂದು ಹೆಮ್ಮೆಪಡುತ್ತಾನೆ. ಅದಕ್ಕೆ ಸುಮಾರು ನಾಲ್ಕು ದಶಕಗಳ ಬಳಿಕ ಸೀನಾಯ್ ಪ್ರದೇಶದ ಕುಂತಿಲೆತ್ ಅಜ್ರುದ್‌ನಲ್ಲಿ ಯಾರೋ ಮಣ್ಣಿನ ಜಾಡಿಗಳ ಮೇಲೆ ಅದೇ ನಾಮದಲ್ಲಿ ಆಶೀರ್ವಾದಗಳನ್ನು ಬರೆದರು. ಜೊತೆಗೆ ‘ಅಶೇರ’ಳ ಹೆಸರನ್ನೂ ಸೇರಿಸಿದರು. ಪ್ರವಾದಿಗಳು ಯಾವುದರ ವಿರುದ್ಧ ಗುಡುಗಿದರೆಂಬುದು ಇದರಿಂದ ನಮಗೆ ಅರ್ಥವಾಗುತ್ತದೆ. ಅಂದು ಈ ನಾಮವು ಜನಸಾಮಾನ್ಯರ ನಾಲಿಗೆಯ ಮೇಲಿತ್ತು. ರೂತಳ ಗ್ರಂಥದಲ್ಲಿ ಬೋವಜನು ಕೊಯ್ಲಿನ ಆಳುಗಳನ್ನು ವಂದಿಸುವುದೂ ಅದೇ ನಾಮದಿಂದ.

ಮೌನವು ಬಂದದ್ದು ತರುವಾಯ. ಎರಡನೆಯ ದೇವಾಲಯದ ಕೊನೆಯ ಶತಮಾನಗಳಲ್ಲಿ ಓದುಗರು ಲಿಖಿತ ನಾಮದ ಬದಲಿಗೆ ‘ಅದೋನಾಯ್’, ಎಂದರೆ ‘ಪ್ರಭು’, ಎನ್ನತೊಡಗಿದರು. ದೋಷಪರಿಹಾರದ ದಿನದಂದು ಪ್ರಧಾನ ಯಾಜಕನು ಅದನ್ನು ಉಚ್ಚರಿಸುತ್ತಿದ್ದನೆಂದು ಮಿಷ್ನಾ ತಿಳಿಸುತ್ತದೆ. ಸಮಾರಿಯದವರು ಇಂದಿಗೂ ಅದರ ಬದಲು ‘ನಾಮ’ ಎಂಬ ಅರ್ಥದ ಪದವನ್ನೇ ಓದುತ್ತಾರೆ. ಇತ್ತ ಈಜಿಪ್ಟಿನ ಗ್ರೀಕ್ ಮಂತ್ರವಾದಿಗಳ ಓಲೆಗಳಲ್ಲಿ ‘ಇಯಾಓ’ ಎಂಬ ಅದರ ರೂಪವು ವಶೀಕರಣದ ಶಬ್ದಗಳ ನಡುವೆ ಕಾಣಸಿಗುತ್ತದೆ. ಒಡಂಬಡಿಕೆಯಿಂದ ಬೇರ್ಪಟ್ಟ ನಾಮವು ಬರಿಯ ಶಕ್ತಿಶಬ್ದವಾಗುತ್ತದೆ; ಮೌನವು ಕಾಯ್ದದ್ದು ಈ ಅಪಾಯದಿಂದಲೂ ಹೌದು.

ಕೆಲವು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ನಾಮವು ಹೀಬ್ರೂ ಅಕ್ಷರಗಳಲ್ಲೇ ಉಳಿದಿತ್ತು. ಆದರೆ ಪೌಲನು ಶಾಸ್ತ್ರವನ್ನು ಉದ್ಧರಿಸುವಾಗ ಆ ಸ್ಥಾನದಲ್ಲಿ ‘ಕೀರಿಯೊಸ್’, ಎಂದರೆ ‘ಪ್ರಭು’, ಎಂದೇ ಬರೆಯುತ್ತಾನೆ. ಈ ಚರಿತ್ರೆಯ ತಿರುವು ಇಲ್ಲಿದೆ. ದೇವರ ನಾಮವನ್ನು ಕರೆಯುವವರಿಗೆ ಉದ್ಧಾರವೆಂಬ ಯೋವೇಲನ ಮಾತನ್ನು ಅವನು ರೋಮನರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಯೇಸುವಿಗೆ ಅನ್ವಯಿಸುತ್ತಾನೆ. ಎಲ್ಲರೂ ದೇವರಿಗೆ ಮೊಣಕಾಲೂರುವರೆಂಬ ಯೆಶಾಯನ ದರ್ಶನವು ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಯೇಸುವಿನ ನಾಮದತ್ತ ತಿರುಗುತ್ತದೆ. ಶಿಲುಬೆಯ ಮರಣದವರೆಗೂ ತನ್ನನ್ನು ತಗ್ಗಿಸಿಕೊಂಡವನಿಗೆ ದೊರೆತ, ಎಲ್ಲ ನಾಮಗಳಿಗೂ ಮಿಗಿಲಾದ ನಾಮವು ಈ ‘ಪ್ರಭು’ ಎಂಬುದೇ. ಯೆಹೂದ್ಯರ ಭಕ್ತಿಯ ಮೌನವಿಲ್ಲದಿದ್ದರೆ ‘ಯೇಸುವೇ ಪ್ರಭು’ ಎಂಬ ನಮ್ಮ ಮೊದಲ ವಿಶ್ವಾಸನಿವೇದನೆಗೆ ಈ ಆಳ ದೊರೆಯುತ್ತಿರಲಿಲ್ಲ.

ಇನ್ನು ನಮ್ಮ ಕನ್ನಡ. ಪ್ರೊಟೆಸ್ಟೆಂಟ್ ಸಹೋದರರ ಸತ್ಯವೇದವು ‘ಯೆಹೋವ’ ಎಂಬ ರೂಪವನ್ನು ಬಳಸುತ್ತದೆ. ಮಸೋರೆತರು ನಾಲ್ಕು ವ್ಯಂಜನಗಳಿಗೆ ‘ಅದೋನಾಯ್’ ಪದದ ಸ್ವರಚಿಹ್ನೆಗಳನ್ನು ಹಚ್ಚಿದ್ದರು. ಅದನ್ನು ಬರೆದಂತೆಯೇ ಓದಿದ ಮಧ್ಯಯುಗದ ಕ್ರೈಸ್ತ ಪಂಡಿತರಿಂದ ಈ ರೂಪ ಹುಟ್ಟಿತು. ತಲೆಮಾರುಗಳ ಪ್ರಾರ್ಥನೆಯಿಂದ ಪಾವನವಾದ ಆ ಪದವನ್ನು ನಾವು ಹಗುರವಾಗಿ ಕಾಣಲಾಗದು. ಕಥೋಲಿಕರು ಬಳಸುವ ಅನುವಾದವು ಅಲ್ಲಿ ‘ಸರ್ವೇಶ್ವರ’ ಎನ್ನುತ್ತದೆ. ನಾಮವನ್ನು ಉಚ್ಚರಿಸದೆ ಗೌರವಿಸುವ ಪರಂಪರೆಗೆ ಇದು ಒಪ್ಪುತ್ತದೆ. ಆದರೆ ಇಲ್ಲೊಂದು ನಷ್ಟವೂ ಇದೆ. ಹಳೆಯ ಒಡಂಬಡಿಕೆಯಲ್ಲಿ ‘ಸರ್ವೇಶ್ವರ’ ಎಂದು ಕೇಳಿದ ಕಿವಿಯು ಹೊಸ ಒಡಂಬಡಿಕೆಯಲ್ಲಿ ಯೇಸುವಿಗೆ ‘ಪ್ರಭು’ ಎಂಬುದನ್ನು ಕೇಳುತ್ತದೆ. ಗ್ರೀಕಿನಲ್ಲಿ ಒಂದೇ ಪದವಾಗಿದ್ದುದು ನಮ್ಮಲ್ಲಿ ಎರಡಾಗಿದೆ. ‘ಪ್ರಭು’ ಎಂದರೆ ಯಜಮಾನನೆಂದಷ್ಟೇ ತಿಳಿದು ಭಕ್ತನು ಮುಂದೆ ಸಾಗುತ್ತಾನೆ.

ಈ ಕೊರತೆಯನ್ನು ತುಂಬುವುದು ಬೋಧಕರ ಹೊಣೆ. ಗುರುಮಠದ ನಮ್ಮ ವಿದ್ಯಾರ್ಥಿಗಳು ನಾಳೆ ಧರ್ಮಕೇಂದ್ರಗಳಲ್ಲಿ ಪ್ರಬೋಧನೆ ನೀಡುವಾಗ, ಉರಿಯುವ ಪೊದೆಯಲ್ಲಿ ಮೋಶೆಗೆ ತನ್ನ ನಾಮವನ್ನು ತಿಳಿಸಿದ ಸರ್ವೇಶ್ವರನ ಮಹಿಮೆಯನ್ನೇ ನಾವು ಯೇಸುವಿನಲ್ಲಿ ಪ್ರಭುವೆಂದು ನಿವೇದಿಸುತ್ತೇವೆ ಎಂಬುದನ್ನು ಬಿಡಿಸಿ ಹೇಳಲಿ. ಆಗ ರೋಮಿನ ಆದೇಶವು ಒಂದು ಪದದ ನಿಷೇಧವಾಗಿ ಉಳಿಯುವುದಿಲ್ಲ. ಉಚ್ಚರಿಸದ ನಾಮವು ‘ಯೇಸುವೇ ಪ್ರಭು’ ಎನ್ನುವವರ ತುಟಿಗಳ ಮೇಲೆ ಗೌರವದಿಂದ ನೆಲೆಸಿರುವುದನ್ನು ಭಕ್ತಜನರೂ ಕಂಡುಕೊಳ್ಳುವರು.